ಕಾರವಾರದಲ್ಲಿ ದೋಣಿ ಬಾಡಿಗೆಗೆ ಪಡೆದು ನಾವೇ ಗಾಳ ಹಾಕಬಹುದೇ?

ಡಿಸೆಂಬರ್ ರಜೆಯಲ್ಲಿ ದಾವಣಗೆರೆಯಿಂದ ಎಪ್ಪತ್ತು ದಾಟಿದ ತಂದೆಯವರನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಕಾರವಾರಕ್ಕೆ ಬರುತ್ತಿರುವುದಾಗಿ ಬರೆದಿದ್ದೀರಿ. ಸೂಳೆಕೆರೆಯ ದಡದಲ್ಲಿ ಗಾಳ ಹಾಕಿದ ಅಭ್ಯಾಸವಿದೆ, ಕಾಳಿ ನದಿಯಲ್ಲಿ ಒಂದು ದೋಣಿಯನ್ನು ದಿನದ ಬಾಡಿಗೆಗೆ ಪಡೆದು ನಾವೇ ನಡೆಸಿಕೊಂಡು ಮೀನು ಹಿಡಿಯಬಹುದೇ ಎಂದು ಕೇಳಿದ್ದೀರಿ. ನಾನು ಕೋಡಿಬಾಗದವನು. ಮನೆಗೆ ಬಂದ ನೆಂಟರನ್ನು ಈ ನೀರಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದ ಕೆಲಸ, ಬಹಳ ಇಷ್ಟದ ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೀನು ಹಿಡಿಯಬಹುದು, ದೋಣಿಯೂ ಸಿಗುತ್ತದೆ. ಆದರೆ ದೋಣಿಯನ್ನು ನೀವೇ ನಡೆಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಕೆರೆಯ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ, ಕಾಳಿಯ ಅಳಿವೆ ಹಾಗಲ್ಲ. ಡಿಗ್ಗಿಯ ಹತ್ತಿರ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ, ಸುಮಾರು 184 ಕಿಲೋಮೀಟರ್ ಹರಿದು ಬರುವ ನದಿ ಒಂದು ಕಡೆಯಿಂದ ತಳ್ಳುತ್ತಿದ್ದರೆ, ದಿನಕ್ಕೆ ಎರಡು ಬಾರಿ ಸಮುದ್ರ ಇನ್ನೊಂದು ಕಡೆಯಿಂದ ಒಳನುಗ್ಗುತ್ತದೆ. ಇವೆರಡರ ನಡುವೆ ಮರಳಿನ ದಿಬ್ಬಗಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತವೆ. ಕಳೆದ ವರ್ಷ ದೋಣಿ ಸಲೀಸಾಗಿ ಹೋದ ಕಡೆ ಈ ವರ್ಷ ಮೊಣಕಾಲುದ್ದ ನೀರಿರಬಹುದು. ದಿನವೂ ಅಲ್ಲಿ ಓಡಾಡುವವರಿಗೆ ಮಾತ್ರ ಅದು ಗೊತ್ತಿರುತ್ತದೆ.

ಆದ್ದರಿಂದ ವಸತಿಗೃಹ ಕಾಯ್ದಿರಿಸುವ ಮೊದಲು ಪಂಚಾಂಗ ನೋಡಿ ಎಂಬುದು ನನ್ನ ಮುಖ್ಯ ಸಲಹೆ. ಉಬ್ಬರಕ್ಕೆ ಭರತಿ, ಇಳಿತಕ್ಕೆ ಸುಕತಿ ಎಂದು ಇಲ್ಲಿನ ಕೊಂಕಣಿಯಲ್ಲಿ ಹೇಳುತ್ತಾರೆ. ದೋಣಿಯವರ ಬಾಯಲ್ಲಿ ನಿಮಗೆ ಕೇಳಿಬರುವುದು ಈ ಎರಡು ಮಾತುಗಳೇ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತಿ ದೊಡ್ಡದು, ಮತ್ತು ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ನೀರು ತುಂಬಿ ನಿಲ್ಲುವುದು ನಡುಹಗಲಿಗೆ ಸ್ವಲ್ಪ ಮುಂಚೆ. ಅಂದರೆ ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ ನೀರು ಏರುತ್ತಲೇ ಇರುತ್ತದೆ. ಏರುವ ನೀರಿನೊಂದಿಗೆ ಮೀನು ಒಳಗೆ ಬರುತ್ತದೆ, ದೋಣಿಯೂ ದಿಬ್ಬಕ್ಕೆ ತಾಗುವುದಿಲ್ಲ, ಸಮುದ್ರದ ಕಡೆಯಿಂದ ಬೀಸುವ ಮಧ್ಯಾಹ್ನದ ಗಾಳಿಯೂ ಇನ್ನೂ ಎದ್ದಿರುವುದಿಲ್ಲ. ದಿನದಿಂದ ದಿನಕ್ಕೆ ಈ ಹೊತ್ತು ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ, ಬೆಳಗಿನ ಒಳ್ಳೆಯ ಹೊತ್ತೆಲ್ಲ ಸುಕತಿಯಲ್ಲೇ ಕಳೆದುಹೋಗುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಬಂದ ಅಕ್ಕನ ಮನೆಯವರನ್ನು ನಾನು ಹೊರಗಿದ್ದ ಕಾರಣ ಒಂದು ಬಾಡಿಗೆ ದೋಣಿಯವರ ಜೊತೆ ಕಳುಹಿಸಿದ್ದೆ. ಆತ ಹೊತ್ತು ನೋಡದೆ ಹಣಕ್ಕೆ ಒಪ್ಪಿಕೊಂಡು, ನೀರು ಇಳಿಯುತ್ತಿರುವಾಗ ದೇವಬಾಗದ ಕಡೆಯ ದಿಬ್ಬವೊಂದರ ಮೇಲೆ ದೋಣಿಯನ್ನು ಕೂರಿಸಿಬಿಟ್ಟರು. ನೀರು ಮತ್ತೆ ಏರಿ ದೋಣಿ ತೇಲುವವರೆಗೆ ಮೂರು ಗಂಟೆ ಬಿಸಿಲಿನಲ್ಲಿ ಕುಳಿತದ್ದಾಯಿತು. ಕುಡಿಯುವ ನೀರು ಒಂದೇ ಬಾಟಲಿ, ನೆರಳಿಗೆ ಅಕ್ಕನ ಸೀರೆಯ ಸೆರಗು. ಯಾರಿಗೂ ಅಪಾಯವಾಗಲಿಲ್ಲ. ಆದರೂ ಬಾವನ ತಾಯಿ ಆಮೇಲೆ ದೋಣಿ ಎಂಬ ಹೆಸರೆತ್ತಲಿಲ್ಲ. ನಿಮ್ಮ ತಂದೆಯವರಿಗೆ ಹಾಗಾಗಬಾರದು.

ಇನ್ನು ಬಾಡಿಗೆಯ ವಿಷಯ. ಇಲ್ಲಿ ಬಾಡಿಗೆ ಎಂದರೆ ದೋಣಿ ಮತ್ತು ಅದನ್ನು ನಡೆಸುವವರು ಸೇರಿ. ಕೋಡಿಬಾಗದ ಕಡೆಯಿಂದಲೂ ಸೇತುವೆಯಾಚೆ ಸದಾಶಿವಗಡದ ಕಡೆಯಿಂದಲೂ ದೋಣಿಗಳು ಹೊರಡುತ್ತವೆ. ಹಿಂದಿನ ಸಂಜೆಯೇ ಹೋಗಿ ಮಾತಾಡಿ. ದರ ತಲೆಗೋ ದೋಣಿಗೋ, ಎಷ್ಟು ಗಂಟೆಗೆ, ಡೀಸೆಲ್ ಅದರಲ್ಲೇ ಸೇರಿದೆಯೋ ಇಲ್ಲವೋ ಎಂಬುದನ್ನು ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಿ. ಡಾಲ್ಫಿನ್ ತೋರಿಸುವ ಅರ್ಧ ಮುಕ್ಕಾಲು ಗಂಟೆಯ ಸುತ್ತಾಟವೇ ಬೇರೆ, ಗಾಳ ಹಾಕಲು ಲಂಗರು ಬಿಟ್ಟು ನಿಲ್ಲುವುದೇ ಬೇರೆ. ಎರಡನೆಯದಕ್ಕೆ ತಾಳ್ಮೆಯಿರುವವರು ಬೇಕು, ಬಲೆ ಬೀಸಿ ಬದುಕುವ ಮನೆತನದವರಾದರೆ ಇನ್ನೂ ಒಳ್ಳೆಯದು. ಲೈಫ್ ಜಾಕೆಟ್ ಕೊಡುತ್ತೀರಾ ಎಂದು ಕೇಳಿ ಸುಮ್ಮನಾಗಬೇಡಿ, ತೆಗೆಸಿ ನೋಡಿ. ನಿಮ್ಮ ಮಗನ ಅಳತೆಯದು ಇದೆಯೇ, ಬಕಲ್ ಬಿಗಿಯಾಗಿ ಕೂರುತ್ತದೆಯೇ, ಹೆಗಲ ಬಳಿ ಹಿಡಿದು ಮೇಲೆತ್ತಿದರೆ ಜಾಕೆಟ್ ತಲೆಯಿಂದ ಕಳಚಿ ಬರುತ್ತದೆಯೇ ಎಂದು ಪರೀಕ್ಷಿಸಿ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಆ ದಿನವನ್ನು ಈ ಊರು ಮರೆತಿಲ್ಲ. ಜಾಕೆಟ್ ಇಲ್ಲವೆಂದರೆ, ಅಥವಾ ನಿಮ್ಮ ಜೊತೆ ಇನ್ನೂ ನಾಲ್ಕು ಜನರನ್ನು ತುಂಬಿಸಲು ಹೊರಟರೆ, ಸಂಕೋಚಪಡದೆ ಇಳಿದು ಬನ್ನಿ.

ಗಾಳದ ವಿಷಯಕ್ಕೆ ಬಂದರೆ, ನಿಮ್ಮ ಕೋಲು ತರಬಹುದು, ಆದರೆ ಇಲ್ಲಿ ಹೆಚ್ಚಿನವರು ಕೋಲಿಲ್ಲದೆ ಬರಿಗೈಯಲ್ಲಿ ದಾರ ಬಿಡುತ್ತಾರೆ. ಖಾಲಿ ಬಾಟಲಿಗೆ ಸುತ್ತಿದ ನೈಲಾನ್ ದಾರ, ತುದಿಗೊಂದು ಸೀಸದ ಗುಂಡು, ಅದರ ಮೇಲೆ ಒಂದೋ ಎರಡೋ ಗಾಳ, ಎರೆಗೆ ಹಸಿ ಶೆಟ್ಲಿ. ಸಿಗಡಿಯನ್ನು ನಾವು ಶೆಟ್ಲಿ ಎನ್ನುತ್ತೇವೆ. ಗುಂಡು ಮರಳಿಗೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ದಾರವನ್ನು ಒಂದು ಗೇಣು ಮೇಲೆಳೆದು, ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಾಯಬೇಕು. ಕಳೆದ ವರ್ಷ ನನ್ನ ತಮ್ಮನ ಮಗ ದಾರ ನಡುಗಿದ ಕೂಡಲೇ ಜಗ್ಗಲು ಹೊರಟಾಗ ದೋಣಿಯ ಹಿರಿಯರು ಅವನ ಮಣಿಕಟ್ಟು ಹಿಡಿದು, "ತಮಾ, ಈಗ್ಲೇ ಎಳೀಬೇಡ, ಅದು ಇನ್ನೂ ಮುಟ್ಟಿ ನೋಡ್ತಾ ಅದೆ" ಎಂದರು. ಎರಡು ಸಲ ಟಕ್ ಟಕ್ ಎಂದದ್ದು ಮೂರನೆಯ ಸಲ ದಾರವನ್ನೇ ಹೊತ್ತುಕೊಂಡು ಓಡಿತು. ಆಗ ಎಳೆಸಿದರು. ಬಂದದ್ದು ಅಂಗೈಗಿಂತ ತುಸು ಉದ್ದದ ನೊಗಲಿ, ಮಂಗಳೂರಿನವರು ಕಾಣೆ ಎನ್ನುವ ಮೀನು. ಬಿಸಿಲಿಗೆ ಹಿಡಿದಾಗ ಮೈ ತೆಳು ಹೊಂಬಣ್ಣಕ್ಕೆ ತಿರುಗಿತ್ತು. ಹುಡುಗ ಅದನ್ನು ಬುಟ್ಟಿಗೆ ಹಾಕಲು ಒಪ್ಪದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ.

ಅದೇ ದಿನ ಇನ್ನೊಂದು ಪಾಠವೂ ಆಯಿತು. ಎರಡನೆಯದಾಗಿ ಸಿಕ್ಕ ಮೀಸೆಯ ಮೀನನ್ನು ಅವನು ನೊಗಲಿಯಂತೆಯೇ ಹಿಡಿಯಲು ಹೋಗಿ, ಅದರ ಪಕ್ಕದ ಮುಳ್ಳು ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಈ ಮೀನಿನ ಬೆನ್ನಿನ ಮೇಲೊಂದು, ಎರಡೂ ಪಕ್ಕಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದ್ದು, ಅವುಗಳಲ್ಲಿ ನಂಜಿರುತ್ತದೆ. ದಡಕ್ಕೆ ಬಂದು, ಚರ್ಮ ಸುಡದಂತೆ ತಾಳಿಕೊಳ್ಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅದ್ದಿ ಕೂರಿಸಿದ ಮೇಲೆ ನೋವು ಇಳಿಯಿತು. ಆಮೇಲೆ ಡಾಕ್ಟರಿಗೂ ತೋರಿಸಿದೆವು. ನಿಮ್ಮ ಮಗನಿಗೆ ಮೊದಲೇ ಹೇಳಿಡಿ: ಯಾವ ಮೀನನ್ನೂ ಗಾಳದಿಂದ ಬಿಡಿಸುವ ಕೆಲಸ ದೋಣಿಯವರದು. ಒಂದು ಹಳೆಯ ಟವೆಲ್ ಮತ್ತು ಸಣ್ಣ ಇಕ್ಕಳ ಜೊತೆಗಿರಲಿ. ಗೇಣುದ್ದವೂ ಇಲ್ಲದ ಕೆಂಬೇರಿ ಮೀನಿನ ಮರಿಗಳು ಸಿಕ್ಕರೆ ನೀರಿಗೇ ಬಿಟ್ಟುಬಿಡಿ ಎಂದು ಬೇಡಿಕೊಳ್ಳುತ್ತೇನೆ. ಅವು ಇನ್ನೂ ಬೆಳೆಯುವುದಕ್ಕಾಗಿಯೇ ಈ ಹಿನ್ನೀರಿಗೆ ಬಂದಿರುತ್ತವೆ.

ಆ ಮರಿಗಳಿಗೆ ಆಸರೆಯಾಗಿರುವುದು ದಡದ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. ಭರತಿಯಲ್ಲಿ ಬೇರುಗಳ ನಡುವೆ ನೀರು ನುಗ್ಗುವುದನ್ನು ದೋಣಿ ನಿಲ್ಲಿಸಿ ನೋಡುವುದಕ್ಕೆ ಕಾಲು ಗಂಟೆಯಾದರೂ ಮೀಸಲಿಡಿ. ಗಾಳದಲ್ಲಿ ಆಸಕ್ತಿಯಿಲ್ಲದಿದ್ದರೆ ನಿಮ್ಮ ತಂದೆಯವರಿಗೆ ಇದೇ ಹೆಚ್ಚು ಹಿಡಿಸಬಹುದು. ಅವರನ್ನು ಹತ್ತಿಸುವಾಗಲೂ ಭರತಿಯೇ ಅನುಕೂಲ. ನೀರು ತುಂಬಿದಾಗ ದೋಣಿಯ ಅಂಚು ಕಟ್ಟೆಯ ಮಟ್ಟಕ್ಕೆ ಬರುತ್ತದೆ, ಸುಕತಿಯಲ್ಲಿ ಕೆಸರಿಗಿಳಿದು ಮೇಲೆ ಹತ್ತಬೇಕಾಗುತ್ತದೆ. ಸೇತುವೆಯ ಕಂಬಗಳ ಬಳಿ ಮೀನು ಹೆಚ್ಚು ಎಂದು ಯಾರಾದರೂ ಹೇಳಿದರೂ ಅಲ್ಲಿ ಲಂಗರು ಹಾಕಿಸಬೇಡಿ. ಕಂಬದ ಸುತ್ತ ನೀರು ಸುಳಿಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದುಬಿದ್ದು ಲಾರಿಯೊಂದು ನದಿಗೆ ಬಿದ್ದಾಗ, ಚಾಲಕನನ್ನು ಬದುಕಿಸುವುದಕ್ಕೆ ಆ ಕತ್ತಲೆಯಲ್ಲಿ ನೀರಿಗಿಳಿದವರಲ್ಲಿ ಇಲ್ಲಿನ ಮೀನುಗಾರರೂ ಇದ್ದರು. ನೀವು ನಂಬಿ ಕೂರಬೇಕಾದದ್ದು ಅಂಥವರ ದೋಣಿಯಲ್ಲಿ. ಅಂಜುದೀವಿ ದ್ವೀಪದ ಕಡೆ ಹೋಗೋಣವೆಂದು ಮಾತ್ರ ಕೇಳಬೇಡಿ, ಅದು ನೌಕಾಪಡೆಯ ಜಾಗ, ಅಲ್ಲಿಗೆ ಪ್ರವೇಶವಿಲ್ಲ.

ಮಳೆಗಾಲಕ್ಕೆ ಪ್ರವಾಸವನ್ನು ಮುಂದೂಡುವ ಆಲೋಚನೆಯಿದ್ದರೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆ ಹೊಳೆಯಲ್ಲಿ ವಿಹಾರಕ್ಕೂ ಅರ್ಥವಿಲ್ಲ. ಇನ್ನೊಂದು ದಿನ ಕೈಯಲ್ಲಿದ್ದರೆ ಕುಮಟಾದ ಕಡೆ ಇಳಿದು ತದಡಿಯಿಂದ ಅಘನಾಶಿನಿ ಊರಿಗೆ ಹೊಳೆ ದಾಟಿಸುವ ದೋಣಿಯಲ್ಲಿ ಹೋಗಿ ಬನ್ನಿ. ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಆ ಅಳಿವೆಯನ್ನು ಊರಿನವರು ದಿನವೂ ಓಡಾಡುವ ದೋಣಿಯಿಂದಲೇ ನೋಡಬಹುದು. ಹೊನ್ನಾವರದ ಶರಾವತಿಯಲ್ಲೂ ದೋಣಿ ವಿಹಾರವಿದೆ, ಚೆನ್ನಾಗಿದೆ, ಆದರೆ ರಜೆಯ ದಿನಗಳಲ್ಲಿ ಜನ ಬಹಳ.

ನೀವು ಬರುವ ತಿಂಗಳ ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನವನ್ನೂ ಅದರ ಮರುದಿನವನ್ನೂ ಹಿಡಿದು ಕಾರವಾರಕ್ಕೆ ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ಸಂಜೆ ದೋಣಿ ಮಾತಾಡಿ ಬಂದು ಬೇಗ ಮಲಗಿ. ಬೆಳಿಗ್ಗೆ ಏಳಕ್ಕೆ ಟೋಪಿ, ಮೂರು ನಾಲ್ಕು ಬಾಟಲಿ ನೀರು, ತಂದೆಯವರ ಮಾತ್ರೆ ಮತ್ತು ಕೂರಲು ಒಂದು ದಪ್ಪ ಚಾದರ ತೆಗೆದುಕೊಂಡು ಕಟ್ಟೆಯ ಬಳಿ ಇರಿ. ಎರೆಯ ಶೆಟ್ಲಿಯನ್ನು ದೋಣಿಯವರೇ ತರಲಿ, ಹಿಂದಿನ ದಿನವೇ ಹೇಳಿಟ್ಟರೆ ತಾಜಾ ಸಿಗುತ್ತದೆ.