ದಿಂಬಿನ ಕೆಳಗಿನ ಚಪಾತಿ

ನಾನು ಆಪ್ತಸಮಾಲೋಚಕಿ. ಶಾಂತವ್ವ ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಾಲಮಂದಿರದ, ಅಂದರೆ ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಸಂಸ್ಥೆಯ, ಮಗುವಿನ ಗುರುತು ಯಾರಿಗೂ ಸಿಗಬಾರದು. 2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಅದನ್ನೇ.

ಅವರಿಗೆ ನಲವತ್ತೈದು ದಾಟಿದೆ. ಉತ್ತರ ಕರ್ನಾಟಕದ ಒಂದು ಬಾಲಕಿಯರ ಬಾಲಮಂದಿರದಲ್ಲಿ ಅಡುಗೆಯವರು. ಹೊರಗುತ್ತಿಗೆ ಕೆಲಸ. ಬೆಳಗ್ಗೆ ಐದಕ್ಕೆ ಒಲೆ ಹಚ್ಚಿದರೆ ರಾತ್ರಿ ಪಾತ್ರೆ ಬೋರಲು ಹಾಕುವ ತನಕ ಕೂರಲು ಪುರಸೊತ್ತಿಲ್ಲ. ನಾನೂ ದಡ್ಡಿ. ಬಿಪಿ ಇದೆಯಾ, ದಿನಕ್ಕೆ ಎಷ್ಟು ಚಹಾ, ಮುಟ್ಟು ನಿಂತಿದೆಯಾ ಅಂತ ಕೇಳುತ್ತಾ ಅರ್ಧ ಗಂಟೆ ಕಳೆದೆ. ನಮ್ಮ ಕೆಲಸದಲ್ಲಿ ನಿಜವಾದ ಮಾತು ಬರುವುದು ಎದುರಿಗಿರುವವರು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ. ಇಲ್ಲೂ ಹಾಗೇ ಆಯಿತು.

“ಮೇಡಂ, ನಾ ಒಂದ್ ಹುಡುಗಿಗೆ ಹೊಡದ್ನಿರೀ.”

ಮತ್ತೆ ಕೂರಿಸಿದೆ. ಹುಡುಗಿಗೆ ಎಂಟು ವರ್ಷ, ಬಂದು ಎರಡು ತಿಂಗಳಾಗಿತ್ತು. ಒಂದು ದಿನ ಹಾಸಿಗೆ ಒಣಗಿಸಲು ಎತ್ತಿದಾಗ ದಿಂಬಿನ ಕೆಳಗೆ ಏಳು ಚಪಾತಿ ಸಿಕ್ಕವು. ಕೆಳಗಿನವಕ್ಕೆ ಹಸಿರು ಬೂಸ್ಟು ಹಿಡಿದಿತ್ತು, ಇರುವೆ ಸಾಲುಗಟ್ಟಿತ್ತು. ಎಲ್ಲರೆದುರು “ಕಳ್ಳಿ” ಅಂದು, ಕೈಯಲ್ಲಿದ್ದ ಸೌಟಿನ ಹಿಡಿಯಿಂದ ಬೆರಳ ಮೇಲೆ ಎರಡು ಕೊಟ್ಟಿದ್ದರು. ಹುಡುಗಿ ಅಳಲಿಲ್ಲವಂತೆ, ಕೈ ಹಿಂದಕ್ಕೂ ತೆಗೆದುಕೊಳ್ಳಲಿಲ್ಲವಂತೆ. ಇವರ ನಿದ್ದೆ ಕೆಡಿಸಿದ್ದು ಅದೇ. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ: “ಹೊಟ್ಟಿ ತುಂಬ ಹಾಕ್ತೀನಿ. ಏನ್ ಕಮ್ಮಿ ಮಾಡೀನ್ರೀ ನಾ?”

ಇಲ್ಲಿ ಸಮಾಧಾನ ಹೇಳುವ ಮೊದಲು ಇನ್ನೊಂದು ಕೆಲಸವಿತ್ತು. ಮಗುವಿಗೆ ನೋವಾಗುವ ವಿಷಯ ಬಂದರೆ ಗುಟ್ಟಾಗಿ ಇಡಲಾರೆ ಅಂತ ಶುರುವಿನಲ್ಲೇ ಹೇಳಿದ್ದೆ. ಅದನ್ನು ನೆನಪಿಸಿದೆ. ಇಂಥ ಸಂಸ್ಥೆಯಲ್ಲಿ ಶಿಸ್ತಿನ ಹೆಸರಲ್ಲಿ ಮಗುವಿಗೆ ಹೊಡೆದರೆ ಕಾಯ್ದೆಯ 82ನೇ ಕಲಮು ಬರುತ್ತದೆ. ಮೊದಲ ಸಲ ತಪ್ಪು ಸಾಬೀತಾದರೆ 10,000 ರೂಪಾಯಿ ದಂಡ, ಕೆಲಸವೂ ಹೋಗಬಹುದು. ಸುಮ್ನೆ ಹೆದರಿಸಲು ಹೇಳಿದ್ದಲ್ಲ. ನೀವೇ ಹೋಗಿ ಅಧೀಕ್ಷಕರಿಗೆ ಹೇಳಿ, ನಾಳೆ ಸಂಜೆಯೊಳಗೆ ಹೇಳದಿದ್ದರೆ ನಾನು ಫೋನ್ ಮಾಡುತ್ತೇನೆ ಅಂದೆ. ಅವರು ಸೆರಗಿನ ತುದಿ ತಿರುಚುತ್ತಾ ಎಷ್ಟೋ ಹೊತ್ತು ಸುಮ್ಮನಿದ್ದರು. ಇನ್ನು ಬರಲಿಕ್ಕಿಲ್ಲ ಅಂದುಕೊಂಡೆ.

ಹೇಳಿದರು. ಲಿಖಿತ ಎಚ್ಚರಿಕೆ ಸಿಕ್ಕಿತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಬ್ಬರು ಬಂದು ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿದರು. ಕೆಲಸ ಉಳಿಯಿತು. ಎಲ್ಲ ಕಡೆ ಹೀಗೆ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ.

ಎರಡನೇ ಸಲ ಬಂದಾಗ ಚಪಾತಿ ಬಗ್ಗೆ ಮಾತಾಡಿದೆವು. ಹಸಿವು ಕಂಡ ಮಕ್ಕಳು ಊಟ ಬಚ್ಚಿಡುವುದು ಬಹಳ ಸಾಮಾನ್ಯ. ಗಬಗಬ ತಿನ್ನುತ್ತಾರೆ, ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಇವತ್ತು ತಟ್ಟೆ ತುಂಬಿದ್ದರೂ ನಾಳೆಯ ನಂಬಿಕೆ ಇರುವುದಿಲ್ಲ. ಆ ನಂಬಿಕೆ ಹುಟ್ಟಲು ತಿಂಗಳುಗಳೇ ಬೇಕು. ಇಷ್ಟು ಹೇಳಿದರೂ ಶಾಂತವ್ವನ ಮುಖ ಬದಲಾಗಲಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜೋಳ ಇದೆ ಅಂತ ಕೇಳಿದೆ, ಯಾಕೋ ಬಾಯಿಗೆ ಬಂತು.

“ಎರಡ್ ಚೀಲ ಇರಾಕ್ಬೇಕ್ರೀ. ಇಲ್ಲಾಂದ್ರ ನಿದ್ದಿ ಬರಂಗಿಲ್ಲ.”

ಮನೆಯಲ್ಲಿ ಇರುವುದು ಅವರು ಮತ್ತು ಮಗ, ಇಬ್ಬರೇ. ಎರಡು ಚೀಲ ಯಾಕೆ? ಅವರ ಅವ್ವ 1972ರ ಬರದಲ್ಲಿ ಕಾಮಗಾರಿಗೆ ಹೋಗಿ ಕಲ್ಲು ಒಡೆದವರು. ಸಾಯುವ ತನಕ ಜೋಳದ ಚೀಲದ ಬಾಯಿ ತಾವೇ ಕಟ್ಟುತ್ತಿದ್ದರಂತೆ. ಇದನ್ನು ಹೇಳುತ್ತಾ ಹೇಳುತ್ತಾ ಶಾಂತವ್ವ ನಿಂತರು. ನಕ್ಕರು, ಆಮೇಲೆ ಅತ್ತರು. ನಾನು ವಿವರಿಸುವುದು ಏನೂ ಉಳಿಯಲಿಲ್ಲ.

ನನ್ನ ಸಲಹೆ ಇಷ್ಟೇ ಇತ್ತು. ಅಧೀಕ್ಷಕರ ಒಪ್ಪಿಗೆ ಪಡೆದು ಅವಳಿಗೆ ಮುಚ್ಚಳದ ಒಂದು ಡಬ್ಬಿ ಕೊಡಿಸಿ. ಅದರಲ್ಲಿ ಕೆಡದ ತಿನಿಸು ಇರಲಿ, ಖಾಲಿಯಾದಾಗ ತುಂಬಿ. ಎಷ್ಟು ತಿಂದೆ, ಯಾಕೆ ತಿಂದೆ ಅಂತ ಕೇಳಬೇಡಿ. ಬಚ್ಚಿಡದಿದ್ದರೆ ಜಾಣೆ ಅಂತ ಹೊಗಳುವುದೂ ಬೇಡ. ಊಟ ತಪ್ಪಿಸುವ ಶಿಕ್ಷೆ ಯಾವ ಕಾರಣಕ್ಕೂ ಬೇಡ. “ಕಳ್ಳಿ” ಅಂದದ್ದು ಎಲ್ಲರೆದುರು, ಹಾಗಾಗಿ ತಪ್ಪಾಯಿತು ಅನ್ನುವುದೂ ಎಲ್ಲರೆದುರೇ ಆಗಲಿ. ಆದರೆ ಅವಳು ನಕ್ಕು ಮಾತಾಡಿಸಬೇಕು ಅಂತ ಕಾಯಬೇಡಿ.

ಡಬ್ಬಿಗೆ ಬಿಸ್ಕತ್ತು, ಶೇಂಗಾ ಚಿಕ್ಕಿ ಅಂತ ನಾನು ಬರೆದುಕೊಂಡಿದ್ದೆ. ಶಾಂತವ್ವ ತಲೆ ಅಲ್ಲಾಡಿಸಿದರು. “ಖಡಕ್ ರೊಟ್ಟಿ ಇಡ್ತೀನ್ರೀ. ತಿಂಗಳಾದ್ರೂ ಕೆಡಂಗಿಲ್ಲ. ನಾ ಬಡದ ರೊಟ್ಟಿ ಅಂತ ಆಕೀಗೂ ಗೊತ್ತಾಗ್ತೈತಿ.” ನನ್ನ ಪಟ್ಟಿ ಹೊಡೆದು ಹಾಕಿದೆ.

ಮೊದಲ ವಾರ ಡಬ್ಬಿ ದಿನಾ ಖಾಲಿ. ಎರಡನೇ ವಾರ ಹುಡುಗಿಗೆ ಹೊಟ್ಟೆನೋವು ಬಂತು, ಬಾಲಮಂದಿರದ ಆಯಾಗಳು ಶಾಂತವ್ವನನ್ನೇ ಬೈದರು. ನನಗೂ ಅಳುಕಾಯಿತು. ಆದರೂ ತುಂಬುವುದು ನಿಲ್ಲಿಸಬೇಡಿ ಅಂದೆ, ದಿನಕ್ಕೆ ನಾಲ್ಕರ ಬದಲು ಎರಡು ರೊಟ್ಟಿ ಇಡಲು ಹೇಳಿದೆ. ಇನ್ನೂ ಇಬ್ಬರು ಹುಡುಗಿಯರು ಡಬ್ಬಿ ಕೇಳಿದರು. ಅವರಿಗೂ ಬಂತು.

ನಾಲ್ಕನೇ ತಿಂಗಳು ಶಾಂತವ್ವ ಮತ್ತೆ ಬಂದಿದ್ದರು. ನಿದ್ದೆ ಪರವಾಗಿಲ್ಲವಂತೆ, ಹಬ್ಬದ ಹಿಂದಿನ ರಾತ್ರಿ ಮಾತ್ರ ಈಗಲೂ ಬರುವುದಿಲ್ಲ, ಅದು ಹೋಳಿಗೆಯ ಚಿಂತೆ. ಹುಡುಗಿಯ ಡಬ್ಬಿಯಲ್ಲಿ ಈಗ ವಾರಗಟ್ಟಲೆ ಅದೇ ಎರಡು ರೊಟ್ಟಿ ಇರುತ್ತವೆ. ತಿನ್ನುವುದಿಲ್ಲ. ರಾತ್ರಿ ಮಲಗುವ ಮುಂಚೆ ಮುಚ್ಚಳ ತೆಗೆದು ಒಮ್ಮೆ ನೋಡಿ, ಮತ್ತೆ ಮುಚ್ಚುತ್ತಾಳಂತೆ.