ಗಂಧಕದ ಅದಿರಿನಿಂದ ತಾಮ್ರ: ಫಾಲುನ್ ಗಣಿ ಕುರಿತು ಎರಡು ಪ್ರಶ್ನೆ

ಪ್ರಶ್ನೆ: ಸ್ವೀಡನ್ನಿನ ಫಾಲುನ್‌ನಲ್ಲಿ ತಾಮ್ರದ ಅದಿರನ್ನು ವಾರಗಟ್ಟಲೆ ಹುರಿಯುತ್ತಿದ್ದರಂತೆ. ನೇರವಾಗಿ ಇದ್ದಿಲಿನ ಜೊತೆ ಕುಲುಮೆಗೆ ಹಾಕಿದ್ದರೆ ಆಗುತ್ತಿರಲಿಲ್ಲವೇ?

ಉತ್ತರ: ಆಗುತ್ತಿರಲಿಲ್ಲ. ಮಲಾಕೈಟಿನಂಥ, ಗಂಧಕವಿಲ್ಲದ ಹಸಿರು ಅದಿರಿಗಾದರೆ ಇದ್ದಿಲೇ ಸಾಕು. ಫಾಲುನ್‌ನದು ಚಾಲ್ಕೊಪೈರೈಟ್. ಶುದ್ಧ ಖನಿಜದ 100 ಕಿಲೋದಲ್ಲಿ ತಾಮ್ರ ಸುಮಾರು 35, ಗಂಧಕ 35, ಕಬ್ಬಿಣ 30 ಕಿಲೋ. ಇದ್ದಿಲು ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ, ಗಂಧಕದ ತಂಟೆಗೆ ಹೋಗುವುದಿಲ್ಲ. ಸಾಲದ್ದಕ್ಕೆ ಅಲ್ಲಿ ಪೈರೈಟಿನ (ಬರೀ ಕಬ್ಬಿಣ, ಗಂಧಕದ ಖನಿಜ) ರಾಶಿಯೇ ಇತ್ತು. ಅಗೆದ ಅದಿರಿನಲ್ಲಿ ತಾಮ್ರ ನೂರಕ್ಕೆ ಎರಡರಿಂದ ನಾಲ್ಕು ಪಾಲಷ್ಟೇ.

ಸೌದೆಯ ಮೇಲೆ ಅದಿರು ಪೇರಿಸಿ ಬೆಂಕಿ ಕೊಟ್ಟರೆ ಗಂಧಕದ ಒಂದು ಭಾಗ ಹೊಗೆಯಾಗಿ ಹೋಗಿ, ಕಬ್ಬಿಣದ ಒಂದು ಭಾಗ ಆಕ್ಸೈಡ್ ಆಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ಕಸುಬು. ಹುರಿದದ್ದು ಕಡಿಮೆಯಾದರೆ ಕಬ್ಬಿಣವೆಲ್ಲ ತಾಮ್ರದ ಜೊತೆಗೇ ಉಳಿಯುತ್ತದೆ. ಅತಿಯಾದರೆ ತಾಮ್ರ ಕಿಟ್ಟದೊಳಗೆ ಸೇರಿ ನಷ್ಟ, ಕಬ್ಬಿಣ ಗಟ್ಟಿಯಾಗಿ ಕುಲುಮೆಯ ತಳ ಕಟ್ಟಿಕೊಳ್ಳುತ್ತದೆ.

ಇನ್ನು ಕರಗಿಸುವಾಗ ಬೆಣಚುಕಲ್ಲು ಬೇಕು. ಕಬ್ಬಿಣದ ಆಕ್ಸೈಡ್ ಅದರೊಡನೆ ಕೂಡಿ ಕಿಟ್ಟವಾಗಿ ಮೇಲೆ ತೇಲುತ್ತದೆ. ತಾಮ್ರ ಗಂಧಕವನ್ನು ಬಿಡದೆ 'ಮ್ಯಾಟ್' ಆಗಿ ತಳಕ್ಕಿಳಿಯುತ್ತದೆ. ಈ ಬೆಣಚು ಗಣಿಯಲ್ಲೇ ಸಿಗುತ್ತಿತ್ತು. ಸುಮಾರು 190 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಶಿಲೆಗಳ ನಡುವೆ ಹರಿದ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿ ಆ ಜಾಗದಲ್ಲಿ ಪೈರೈಟ್ ತುಂಬಿತು. ಅದು ಮೆತ್ತನೆಯ ಅದಿರು. ಪಕ್ಕದ ಬೆಣಚುಭರಿತ ಶಿಲೆಯಲ್ಲಿ ಚಾಲ್ಕೊಪೈರೈಟ್ ಎಳೆಎಳೆಯಾಗಿ ಹರಡಿದ್ದು ಗಟ್ಟಿ ಅದಿರು. ಎರಡನ್ನೂ ಹದವಾಗಿ ಬೆರೆಸುತ್ತಿದ್ದರು. ನಮ್ಮ ಚಿತ್ರದುರ್ಗದ ಇಂಗಳದಾಳದ ತಾಮ್ರವೂ ಜ್ವಾಲಾಮುಖಿ ಶಿಲೆಗಳ ನಡುವಿನದೇ.

ಮ್ಯಾಟನ್ನು ಮತ್ತೆ ಹಲವು ಸಲ ಹುರಿದು ಕರಗಿಸಿದರೆ ಕಚ್ಚಾ ತಾಮ್ರ. ಅದರ ಶುದ್ಧೀಕರಣ ಸ್ವೀಡನ್ನಿನದೇ ಅವೆಸ್ತಾ ಪಟ್ಟಣದಲ್ಲಿ. ಅಲ್ಲೇ 1644ರಲ್ಲಿ ಹತ್ತು ದಾಲೆರ್ (ಸ್ವೀಡನ್ನಿನ ಆಗಿನ ಹಣ) ಬೆಲೆಯ ತಾಮ್ರದ ಫಲಕ ನಾಣ್ಯವಾಗಿ ಅಚ್ಚಾಯಿತು: ಒಂದೊಂದೂ ಸುಮಾರು 19.7 ಕಿಲೋ. ಜೇಬಿಗೆ ಹಾಕುವ ಹಣವಂತೂ ಅಲ್ಲ!

ಪ್ರಶ್ನೆ: 1687ರಲ್ಲಿ ಈ ಗಣಿಯಲ್ಲಾದ ಮಹಾಕುಸಿತಕ್ಕೆ ಏನು ಕಾರಣ?

ಉತ್ತರ: ದುರಾಸೆ ಎನ್ನಬಹುದು. ಬಂಡೆಗೆ ಸೌದೆಯ ಬೆಂಕಿ ಒಡ್ಡಿ, ಬಿರುಕು ಬಿಟ್ಟದ್ದನ್ನು ಸುತ್ತಿಗೆ, ಹಾರೆಯಿಂದ ಕೆಡಹುವುದು ಅಲ್ಲಿನ ಪದ್ಧತಿ. 1650ರ ಸುಮಾರಿಗೆ ವರ್ಷಕ್ಕೆ 3,000 ಟನ್ ತಾಮ್ರ ಬರುತ್ತಿತ್ತು. ಒಳಗಿನ ಕಂಬಗಳೂ ಅದಿರೇ ಆದ್ದರಿಂದ ಅವನ್ನೂ ಸವೆಸಿದರು. ಸುತ್ತಲಿನ ಹೊಂಡಗಳ ನಡುಗೋಡೆಗಳು ತೆಳ್ಳಗಾಗುತ್ತ ಹೋಗಿ, ಆ ವರ್ಷದ ಜೂನ್‌ನಲ್ಲಿ ಮಧ್ಯಬೇಸಿಗೆಯ ಹಬ್ಬದ ಹೊತ್ತಿಗೆ ಎಲ್ಲವೂ ಒಟ್ಟಿಗೆ ಕುಸಿದವು. ಕೆಲಸಕ್ಕೆ ರಜೆಯಿದ್ದದ್ದರಿಂದ ಯಾರೂ ಸಾಯಲಿಲ್ಲ. ಕುಸಿತದಿಂದಾದ ಸುಮಾರು 95 ಮೀಟರ್ ಆಳದ ದೊಡ್ಡ ಹೊಂಡ ಈಗಲೂ ಇದೆ. ಗಣಿಗಾರಿಕೆ ನಿಂತದ್ದು 1992ರಲ್ಲಿ. ಹಳೆಯ ಕಸದ ಗುಡ್ಡೆಯ ಮಣ್ಣನ್ನು ಸುಟ್ಟು ಅರೆದು ಮಾಡುವ ಕೆಂಪು ಬಣ್ಣ ಮಾತ್ರ ಇನ್ನೂ ಮಾರಾಟವಾಗುತ್ತಿದೆ. ಅದು ಗರಗಸದ ಒರಟು ಹಲಗೆಗೆ ಚೆನ್ನಾಗಿ ಹಿಡಿಯುತ್ತದೆ. ಕೀಸುಳಿ ಹಾಕಿ ನುಣುಪು ಮಾಡಿದ ಮರಕ್ಕೆ ಅಷ್ಟಾಗಿ ಅಂಟುವುದಿಲ್ಲ.