ಮಲ್ಲೇಶ್ವರ, ಬಸವನಗುಡಿಯಂಥ ಕಡೆ ಹಳೆಯ ಮನೆ ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ನಡೆದು ನೋಡಿ. ಬೆಳಗ್ಗೆ 8ಕ್ಕೊಮ್ಮೆ, ರಾತ್ರಿ 8ಕ್ಕೊಮ್ಮೆ ಮನೆಬಾಗಿಲಿನಿಂದ ತರಕಾರಿ ಅಂಗಡಿಗೆ, ಮೆಟ್ರೊ ನಿಲ್ದಾಣಕ್ಕೆ ಹೋಗಿ ಬನ್ನಿ. ಹತ್ತು ನಿಮಿಷದ ನಡಿಗೆ ಎಂದರೆ ಸುಮಾರು 800 ಮೀಟರ್. ಮನೆಯಲ್ಲಿ ವಯಸ್ಸಾದವರಿದ್ದರೆ ದೂರಕ್ಕಿಂತ ಫುಟ್‌ಪಾತಿನ ಕಿತ್ತುಹೋದ ಚಪ್ಪಡಿ, ರಸ್ತೆ ದಾಟುವ ಜಾಗ ಮುಖ್ಯ.

ಇಲ್ಲಿ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಚಾವಣಿ) ಮನೆಗಳು ಇನ್ನೂ ಸಿಗುತ್ತವೆ. ಮರದ ತೊಲೆ ಗೋಡೆಯೊಳಗೆ ಕೂರುವ ತುದಿಯಲ್ಲೇ ತೇವ ನಿಂತು ಗೆದ್ದಲು ಹಿಡಿಯುವುದು. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಸಲೀಸಾಗಿ ಒಳಹೋದರೆ ತೊಲೆ ಹೋಗಿದೆ ಎಂದೇ ಅರ್ಥ. ಸೋರಿಕೆ ಮುಚ್ಚಲು ಮೇಲೆ ಸಿಮೆಂಟ್ ಬಳಿದಿದ್ದರೆ ಇನ್ನೂ ಎಚ್ಚರ: ಸುಣ್ಣದ ಗಾರೆ ತೇವವನ್ನು ಸುಲಭವಾಗಿ ಹೊರಬಿಡುತ್ತದೆ, ಸಿಮೆಂಟ್ ಬಿಡದು; ಮರ ಒಳಗೊಳಗೇ ಕೊಳೆಯುತ್ತದೆ.

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಾದರೆ ಸಂಪು ಅಳೆಯಿರಿ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ಎರಡು ದಿನಕ್ಕೆ 1,080 ಲೀಟರ್ ಬೇಕು. 3,000 ಲೀಟರಿನ ಸಂಪಿದ್ದರೆ ನೆಮ್ಮದಿ.

ವ್ಯವಹಾರ ಮುರಿದುಬೀಳುವುದು ಹೆಚ್ಚಾಗಿ ದಾಖಲೆಯಲ್ಲಿ. ಇ-ಖಾತಾ, ಮೂಲ ಕ್ರಯಪತ್ರ, ಕನಿಷ್ಠ 30 ವರ್ಷದ ಇ.ಸಿ. (ಆಸ್ತಿಯ ನೋಂದಾಯಿತ ವಹಿವಾಟು, ಅಡಮಾನ ತೋರಿಸುವ ಋಣಭಾರ ಪತ್ರ) ಕೇಳಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಹಕ್ಕಿರುವ ಎಲ್ಲರ ಸಹಿ ಇಲ್ಲದೆ ಮುಂಗಡ ಕೊಡಬೇಡಿ.